ಗ್ರಬ್ ಅಂತ ಬಂದು ನಿಂತ್ಬಿಟ್ರೆ: ಡ್ಯುಯಲ್ ಬೂಟ್ ಪಜೀತಿ ಬಿಡಿಸೋದು ಹೇಗೆ

ಹೋದ ತಿಂಗಳು ಒಂದಿನ ರಾತ್ರಿ ಹತ್ತೂವರೆಗೆ ಅಕ್ಕನ ಮಗ ಫೋನ್ ಮಾಡ್ದ. "ಮಾವ, ಲ್ಯಾಪ್‌ಟಾಪ್ ಹೋಯ್ತು" ಅಂದ, ದನಿ ನಡುಗ್ತಿತ್ತು. ಇಂಜಿನಿಯರಿಂಗ್ ಆರನೇ ಸೆಮ್, ಮಾರನೇ ದಿನ ಪ್ರಾಜೆಕ್ಟ್ ರಿವ್ಯೂ ಬೇರೆ. ಆಗಿದ್ದಿಷ್ಟು: ಎರಡು ವರ್ಷದ ಹಿಂದೆ ವಿಂಡೋಸ್ ಜೊತೆಗೆ ಉಬುಂಟು ಅನ್ನೋ ಲಿನಕ್ಸ್ ಹಾಕ್ಕೊಂಡಿದ್ದ (ಒಂದೇ ಮಷಿನ್ನಲ್ಲಿ ಎರಡು ಓಎಸ್, ಅಂದ್ರೆ ಆಪರೇಟಿಂಗ್ ಸಿಸ್ಟಮ್, ಇದಕ್ಕೇ ಡ್ಯುಯಲ್ ಬೂಟ್ ಅನ್ನೋದು), ಈಗ ಯಾವ್ದೋ ಗೇಮ್ ಹಾಕೋಕೆ ಜಾಗ ಸಾಲ್ಲಿಲ್ಲ ಅಂತ ವಿಂಡೋಸಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆದು ನೋಡಿದಾನೆ, ಅಲ್ಲಿ ಡ್ರೈವ್ ಲೆಟರೇ ಇಲ್ಲದ 60 ಜಿಬಿ ಪಾರ್ಟಿಷನ್ (ಡಿಸ್ಕಿನ ಒಂದು ಭಾಗ) ಒಂದು ಸುಮ್ನೆ ಕೂತಿತ್ತು, ಇದ್ಯಾವ್ದೋ ವೇಸ್ಟು ಅಂದ್ಕೊಂಡು ರೈಟ್ ಕ್ಲಿಕ್ ಮಾಡಿ ಡಿಲೀಟ್ ಹೊಡೆದಿದಾನೆ. ಉಬುಂಟು ಇರೋದು ಅದ್ರಲ್ಲೇ ಅಂತ ತಲೆಗೆ ಹೊಳೆದೇ ಇಲ್ಲ. ರೀಸ್ಟಾರ್ಟ್ ಮಾಡಿದ್ರೆ ಕಪ್ಪು ಸ್ಕ್ರೀನ್, ಮೇಲೆ ಬಿಳಿ ಅಕ್ಷರದಲ್ಲಿ ಗ್ರಬ್ (ಯಾವ ಓಎಸ್ ಬೇಕು ಅಂತ ಮೆನು ತೋರಿಸಿ ಅದನ್ನ ಎಬ್ಬಿಸೋ ಬೂಟ್‌ಲೋಡರ್) ಅಂತ ಒಂದು ಪದ, ಪಕ್ಕದಲ್ಲಿ ಬಾಣದ ಗುರುತು, ಮಿಣುಕೋ ಕರ್ಸರ್. ಸಂಜೆ ಅಂಗಡಿಗೆ ತಗೊಂಡ್ಹೋದ್ರೆ ಅಲ್ಲಿ "ಫಾರ್ಮ್ಯಾಟ್ ಹೊಡೀಬೇಕು, ಡೇಟಾ ಗ್ಯಾರಂಟಿ ಇಲ್ಲ" ಅಂದ್ರಂತೆ.

ನಾನು ಅವನಿಗೆ ಹೇಳಿದ್ದು ಒಂದೇ ಪದ. ಇಂಗ್ಲಿಷಲ್ಲಿ ಎಗ್ಸಿಟ್ ಅಂತ ಟೈಪ್ ಮಾಡಿ ಎಂಟರ್ ಒತ್ತೋ ಅಂದೆ. ಎರಡು ಸೆಕೆಂಡ್ ಸ್ಕ್ರೀನ್ ಖಾಲಿ ಆಯ್ತಂತೆ, ಆಮೇಲೆ ಕಂಪನಿ ಲೋಗೋ ಬಂತು, ಅದ್ರ ಕೆಳಗೆ ಚುಕ್ಕಿಗಳು ಸುತ್ತೋಕೆ ಶುರುವಾಯ್ತು, ವಿಂಡೋಸ್ ಬಂತು. ಪ್ರಾಜೆಕ್ಟ್ ಫೋಲ್ಡರ್ ಇದ್ದ ಜಾಗದಲ್ಲೇ ಇತ್ತು.

ಇದ್ರಲ್ಲಿ ಮ್ಯಾಜಿಕ್ ಏನೂ ಇಲ್ಲ. ಪವರ್ ಬಟನ್ ಒತ್ತಿದ್ಮೇಲೆ ಯಾರಾದ್ಮೇಲೆ ಯಾರು ಎದ್ದು ಬರ್ತಾರೆ ಅನ್ನೋದು ಗೊತ್ತಿದ್ರೆ ಆಯ್ತು. ಗೊತ್ತಿಲ್ಲದೆ ಸಿಕ್ಕ ಸಿಕ್ಕ ಕಮಾಂಡ್ ಹೊಡೆಯೋಕೆ ಹೋಗಿ ಸಣ್ಣ ತೊಂದರೇನ ದೊಡ್ಡದು ಮಾಡ್ಕೊಂಡೋರನ್ನ ತುಂಬಾ ಜನ ನೋಡಿದೀನಿ, ಮೊದಮೊದಲು ನಾನೂ ಅದೇ ಗುಂಪಲ್ಲಿದ್ದೆ.

ಹೊಸ ಊರಲ್ಲಿ ಬಸ್ಸಿಳಿದು ಯಾರದೋ ಮನೆ ಹುಡುಕ್ಕೊಂಡು ಹೋಗೋದನ್ನ ನೆನೆಸ್ಕೊಳಿ. ಬಸ್‌ಸ್ಟ್ಯಾಂಡಲ್ಲಿ ಕೇಳಿದ್ರೆ "ಅರಳಿಕಟ್ಟೆ ಹತ್ರ ಹೋಗಿ ಕೇಳಿ" ಅಂತಾರೆ, ಅರಳಿಕಟ್ಟೇಲಿ ಕೂತೋರು "ಹಿಟ್ಟಿನ ಗಿರಣಿ ಪಕ್ಕದ ಸಂದಿ" ಅಂತಾರೆ, ಗಿರಣಿಯವ್ರು ಮನೆ ತೋರಿಸ್ತಾರೆ. ಪೂರ್ತಿ ದಾರಿ ಒಬ್ಬರಿಗೂ ಗೊತ್ತಿಲ್ಲ, ಒಬ್ಬೊಬ್ರಿಗೂ ಗೊತ್ತಿರೋದು ಮುಂದಿನೋರ ವಿಳಾಸ ಮಾತ್ರ. ಕಂಪ್ಯೂಟರಲ್ಲಿ ಬಸ್‌ಸ್ಟ್ಯಾಂಡ್ ಅಂದ್ರೆ ಮದರ್‌ಬೋರ್ಡಲ್ಲಿರೋ ಫರ್ಮ್‌ವೇರ್, ನಾವು ಅಭ್ಯಾಸಬಲದಿಂದ ಈಗ್ಲೂ ಬಯೋಸ್ ಅಂತೀವಿ, ಸರಿಯಾದ ಹೆಸರು ಯುಇಎಫ್ಐ. ಅದ್ರ ಹತ್ರ ಪುಟ್ಟ ಚಿಪ್ಪಲ್ಲಿ ಒಂದು ಪಟ್ಟಿ ಇರತ್ತೆ, ಒಂದನೇದು ಉಬುಂಟು, ಎರಡನೇದು ವಿಂಡೋಸ್ ಬೂಟ್ ಮ್ಯಾನೇಜರ್ ಅಂತ, ಪ್ರತಿಯೊಂದ್ರ ಮುಂದೆ ಡಿಸ್ಕಲ್ಲಿ ಯಾವ ಫೈಲ್ ತೆಗೀಬೇಕು ಅನ್ನೋ ವಿಳಾಸ. ಆ ಫೈಲುಗಳಿರೋದು ಇಎಫ್ಐ ಸಿಸ್ಟಮ್ ಪಾರ್ಟಿಷನ್ ಅನ್ನೋ ಸಣ್ಣ ಜಾಗದಲ್ಲಿ, ವಿಂಡೋಸ್ ಸಾಮಾನ್ಯವಾಗಿ 100 ಎಂಬಿಗೆ ಮಾಡಿರತ್ತೆ, ಫ್ಯಾಟ್32 ಫಾರ್ಮ್ಯಾಟು. ಅದ್ರೊಳಗೆ ಮೈಕ್ರೋಸಾಫ್ಟಿಗೊಂದು ಫೋಲ್ಡರ್, ಉಬುಂಟುಗೊಂದು ಫೋಲ್ಡರ್. ಉಬುಂಟು ಫೋಲ್ಡರಲ್ಲಿರೋ ಶಿಮ್ ಅನ್ನೋ ಫೈಲ್ ಗ್ರಬ್ಬನ್ನ ಎಬ್ಬಿಸತ್ತೆ, ಗ್ರಬ್ ಲಿನಕ್ಸ್ ಪಾರ್ಟಿಷನ್ನಿಗೆ ಹೋಗಿ ಮೆನು ಫೈಲ್ ಓದತ್ತೆ, ಆ ಮೆನು ಕರ್ನಲ್, ಅಂದ್ರೆ ಲಿನಕ್ಸಿನ ತಿರುಳು, ಎಲ್ಲಿದೆ ಅಂತ ಹೇಳತ್ತೆ. ವಿಂಡೋಸ್ ಕಡೆನೂ ಇದೇ ಕಥೆ, ಬೂಟ್ ಮ್ಯಾನೇಜರ್ ಬಿಸಿಡಿ ಅನ್ನೋ ಪುಟ್ಟ ಡೇಟಾಬೇಸ್ ನೋಡಿ ವಿಂಡೋಸ್ ಇರೋ ಜಾಗಕ್ಕೆ ಹೋಗತ್ತೆ.

ನಮ್ ಹುಡುಗ ಮಾಡಿದ್ದು ಏನಪ್ಪಾ ಅಂದ್ರೆ, ಕೊನೆಯ ಮನೇನೇ ನಕ್ಷೆಯಿಂದ ಅಳಿಸಿದ್ದ, ಆದ್ರೆ ಬಸ್‌ಸ್ಟ್ಯಾಂಡೋರು ಇನ್ನೂ ಮೊದ್ಲು ಉಬುಂಟು ದಾರೀನೇ ತೋರಿಸ್ತಿದ್ರು. ಗ್ರಬ್ ಎದ್ದಿತ್ತು, ಮೆನು ಫೈಲ್ ಸಿಗದೆ ಕೈಕಟ್ಟಿ ನಿಂತಿತ್ತು. ಎಗ್ಸಿಟ್ ಅಂದ ಕೂಡ್ಲೆ ಅದು ವಾಪಸ್ ಫರ್ಮ್‌ವೇರಿಗೆ ಬಂತು, ಫರ್ಮ್‌ವೇರ್ ಪಟ್ಟೀಲಿದ್ದ ಮುಂದಿನ ಹೆಸರಿಗೆ ಹೋಯ್ತು, ಅದು ವಿಂಡೋಸು. ಎಲ್ಲಾ ಲ್ಯಾಪ್‌ಟಾಪಲ್ಲೂ ಇಷ್ಟು ಸಲೀಸಾಗಿ ಆಗಲ್ಲ, ಕೆಲವು ಸುಮ್ನೆ ಬಯೋಸ್ ಸ್ಕ್ರೀನಿಗೆ ತಂದು ಬಿಡ್ತವೆ, ಆದ್ರೂ ಅಲ್ಲಿಂದ ವಿಂಡೋಸ್ ಆರಿಸ್ಕೊಬಹುದು. ಯಾವ್ದಾದ್ರೂ ಲಿನಕ್ಸ್ ಬೇಡ ಅನ್ಸಿದ್ರೆ ಮೊದ್ಲು ಬಯೋಸಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನ ಮೇಲಕ್ಕೆ ತಂದು, ಒಂದ್ಸಲ ಬೂಟ್ ಆಗತ್ತಾ ನೋಡ್ಕೊಂಡು, ಆಮೇಲೆ ಪಾರ್ಟಿಷನ್ ಮುಟ್ಟಿ.

ಈಗ ಒಂದು ಹಳೇ ಸಂಗತಿ ಹೇಳ್ಲೇಬೇಕು, ಯಾಕಂದ್ರೆ ಅರ್ಧ ಗೊಂದಲ ಅಲ್ಲಿಂದ್ಲೇ ಬರೋದು. ಯುಇಎಫ್ಐಗೆ ಮುಂಚೆ ಈ ಫೋಲ್ಡರ್ ಗೀಲ್ಡರ್ ಏನೂ ಇರ್ಲಿಲ್ಲ. ಡಿಸ್ಕಿನ ಮೊದಲ ಸೆಕ್ಟರ್, 512 ಬೈಟ್, ಅದಕ್ಕೆ ಎಂಬಿಆರ್ ಅಂತಾರೆ, 1983ರ ಡಾಸ್ ಕಾಲದಿಂದ ಬಂದಿದ್ದು. ಅದ್ರಲ್ಲಿ ಬೂಟ್ ಕೋಡಿಗೆ ಸಿಗೋದು 446 ಬೈಟ್, ಪಾರ್ಟಿಷನ್ ಟೇಬಲ್ಲಿಗೆ 64, ಕೊನೇಲಿ ಗುರುತಿಗೆ 2. ಒಂದೇ ಕುರ್ಚಿ ಇರೋ ಆಫೀಸ್ ಥರ, ಕೊನೇಗೆ ಯಾರು ಇನ್‌ಸ್ಟಾಲ್ ಆದ್ರೋ ಅವ್ರೇ ಕೂರೋದು. ಅದಕ್ಕೇ ಆಗ ವಿಂಡೋಸ್ ಮತ್ತೆ ಹಾಕಿದ್ರೆ ಗ್ರಬ್ ನಿಜವಾಗ್ಲೂ ಅಳಿಸಿ ಹೋಗ್ತಿತ್ತು, ಬೂಟ್‌ರೆಕ್ ಫಿಕ್ಸ್‌ಎಂಬಿಆರ್ ಅನ್ನೋ ಕಮಾಂಡ್ ಎಲ್ಲರ ಬಾಯಲ್ಲೂ ಇತ್ತು. ಈಗಿನ ಯುಇಎಫ್ಐ ಮಷಿನ್ನಲ್ಲಿ ಅದೇ ಕಮಾಂಡ್ ಹೊಡೆದ್ರೆ ಸಕ್ಸಸ್ ಅಂತ ಬರತ್ತೆ, ಏನೂ ಬದಲಾಗಿರಲ್ಲ, ಯಾಕಂದ್ರೆ ಆ ಜಾಗಾನ ಈಗ ಯಾರೂ ಓದೋದೇ ಇಲ್ಲ.

ಹಾಗಾಗಿ ಯಾವ ರಿಪೇರಿಗೂ ಮುಂಚೆ ನಿಮ್ಮದು ಯಾವ ಮೋಡ್ ಅಂತ ತಿಳ್ಕೊಳಿ. ವಿಂಡೋಸ್ ಬರ್ತಿದ್ರೆ ಸಿಸ್ಟಮ್ ಇನ್ಫರ್ಮೇಶನ್ ತೆಗೆದು ಬಯೋಸ್ ಮೋಡ್ ಅನ್ನೋ ಸಾಲು ನೋಡಿ, ಯುಇಎಫ್ಐ ಅಂತಲೋ ಲೆಗಸಿ ಅಂತಲೋ ಬರ್ದಿರತ್ತೆ. ಲಿನಕ್ಸಲ್ಲಾದ್ರೆ ಸಿಸ್ ಫೋಲ್ಡರೊಳಗಿನ ಫರ್ಮ್‌ವೇರ್ ಅನ್ನೋದ್ರಲ್ಲಿ ಇಎಫ್ಐ ಅಂತ ಫೋಲ್ಡರ್ ಇದ್ಯಾ ನೋಡಿದ್ರೆ ಸಾಕು, ಇದ್ರೆ ಆ ಲಿನಕ್ಸ್ ಯುಇಎಫ್ಐ ದಾರೀಲಿ ಬಂದಿದೆ ಅಂತ. ರಿಪೇರಿಗೆ ಅಂತ ಹಾಕೋ ಪೆನ್‌ಡ್ರೈವಿಗೂ ಇದು ಅನ್ವಯಿಸತ್ತೆ, ಎಷ್ಟೋ ಜನ ಎಡವೋದು ಇಲ್ಲೇ: ಬೂಟ್ ಮೆನುನಲ್ಲಿ ಅದೇ ಪೆನ್‌ಡ್ರೈವ್ ಕೆಲವು ಮಷಿನ್ನಲ್ಲಿ ಎರಡು ಸಲ ಕಾಣತ್ತೆ, ಒಂದರ ಹಿಂದೆ ಯುಇಎಫ್ಐ ಅಂತ ಇರತ್ತೆ, ಇನ್ನೊಂದ್ರಲ್ಲಿ ಇರಲ್ಲ. ಯುಇಎಫ್ಐ ಇರೋದನ್ನೇ ಆರಿಸ್ಬೇಕು. ಇಲ್ಲಾಂದ್ರೆ ಎಲ್ಲಾ ಕಮಾಂಡ್ ಸರಿಯಾಗಿ ಹೊಡೆದ್ರೂ ರಿಪೇರಿ ಮಾತ್ರ ಯಾರೂ ಓದದ ಜಾಗದಲ್ಲಿ ಆಗಿರತ್ತೆ.

ಇನ್ನು ಸ್ಕ್ರೀನ್ ಏನು ಹೇಳ್ತಿದೆ ಅನ್ನೋದ್ರ ಮೇಲೆ ದಾರಿ ಎಲ್ಲಿ ಕಡಿದಿದೆ ಅಂತ ಹಿಡೀಬಹುದು.

ಗ್ರಬ್ ಮೆನುನೇ ಬರ್ದೆ ಸೀದಾ ವಿಂಡೋಸಿಗೆ ಹೋಗ್ತಿದೆ ಅಂದ್ರೆ ಹತ್ರಲ್ಲಿ ಒಂಬತ್ತು ಸಲ ಪಟ್ಟಿಯ ಕ್ರಮ ಬದಲಾಗಿದೆ ಅಂತ ಅರ್ಥ, ವಿಂಡೋಸಿನ ದೊಡ್ಡ ಅಪ್‌ಡೇಟೋ ಬಯೋಸ್ ಅಪ್‌ಡೇಟೋ ಆದ್ಮೇಲೆ ಹೀಗಾಗತ್ತೆ. "ವಿಂಡೋಸ್ ನನ್ ಲಿನಕ್ಸ್ ತಿಂದ್ಹಾಕ್ತು" ಅಂತ ಬೈಯೋ ಮುಂಚೆ ಆನ್ ಮಾಡಿದ ತಕ್ಷಣ ಬೂಟ್ ಮೆನು ಕೀ ಒತ್ತಿ ನೋಡಿ, ಎಚ್‌ಪಿಲಿ ಎಫ್9, ಡೆಲ್ ಮತ್ತೆ ಲೆನೊವೊದಲ್ಲಿ ಎಫ್12, ಆಸುಸಲ್ಲಿ ಎಸ್ಕೇಪ್. ಅಲ್ಲಿ ಉಬುಂಟು ಹೆಸರು ಕಾಣ್ತಾ? ಆರಿಸಿ, ಒಳಗೆ ಹೋಗಿ, ಇಎಫ್ಐಬೂಟ್‌ಎಂಜಿಆರ್ ಅನ್ನೋ ಲಿನಕ್ಸ್ ಕಮಾಂಡಿಂದ ಕ್ರಮ ಸರಿ ಮಾಡಿ, ಅಥ್ವಾ ಬಯೋಸಲ್ಲೇ ಮೇಲಕ್ಕೆ ಎಳೀರಿ. ಮುಗೀತು. ಕೆಲವು ಲ್ಯಾಪ್‌ಟಾಪ್ ಮಾತ್ರ ಮೊಂಡು, ನೀವು ಎಷ್ಟು ಸಲ ಕ್ರಮ ಬದಲಾಯಿಸಿದ್ರೂ ಮಾರನೇ ದಿನ ವಿಂಡೋಸೇ ಮೊದ್ಲು. ಅಂಥದ್ರಲ್ಲಿ ವಿಂಡೋಸಿನ ಬಿಸಿಡಿಎಡಿಟ್ ಕಮಾಂಡಿಂದ ಬೂಟ್ ಮ್ಯಾನೇಜರ್ ಅನ್ನೋ ಹೆಸರಿನ ಮುಂದೆ ಶಿಮ್ ಫೈಲಿನ ವಿಳಾಸ ಬರೆದು ಬಿಡೋ ಉಪಾಯ ಇದೆ. ಫರ್ಮ್‌ವೇರ್ ತಾನು ವಿಂಡೋಸನ್ನೇ ಕರೀತಿದೀನಿ ಅಂದ್ಕೊಂಡು ಗ್ರಬ್ಬನ್ನ ಕರೆಯತ್ತೆ. ಒಳ್ಳೇ ಪದ್ಧತಿ ಅಲ್ಲ, ಆದ್ರೆ ಮೊಂಡು ಮಷಿನ್ನಿಗೆ ಬೇರೆ ಏನು ಮಾಡ್ತೀರಿ.

ಕಪ್ಪು ಸ್ಕ್ರೀನಲ್ಲಿ ಬರೀ ಗ್ರಬ್ ಅಂತ ಬರೋದಕ್ಕೂ ಗ್ರಬ್ ರೆಸ್ಕ್ಯೂ ಅಂತ ಬರೋದಕ್ಕೂ ವ್ಯತ್ಯಾಸ ಇದೆ. ಬರೀ ಗ್ರಬ್ ಅಂದ್ರೆ ಅದು ಪೂರ್ತಿ ಎಚ್ಚರ ಇದೆ, ಮೆನು ಫೈಲ್ ಮಾತ್ರ ಸಿಕ್ಕಿಲ್ಲ. ರೆಸ್ಕ್ಯೂ ಅಂದ್ರೆ ಅದಕ್ಕೆ ತನ್ನ ಮಾಡ್ಯೂಲುಗಳೇ ಸಿಕ್ಕಿಲ್ಲ, ಅರೆಪ್ರಜ್ಞೆ ಅನ್ನಿ, ಕೈಬೆರಳೆಣಿಕೆಯಷ್ಟು ಕಮಾಂಡ್ ಮಾತ್ರ ಅರ್ಥ ಆಗತ್ತೆ, ಎಗ್ಸಿಟ್ ಕೂಡ ಸಾಮಾನ್ಯವಾಗಿ ನಡೆಯಲ್ಲ. ಪಾರ್ಟಿಷನ್ ಸಣ್ಣ ದೊಡ್ಡ ಮಾಡಿದಾಗ, ನಂಬರ್ ಅದಲು ಬದಲಾದಾಗ, ಅದ್ರಲ್ಲೂ ಹಳೇ ಲೆಗಸಿ ಮಷಿನ್ನುಗಳಲ್ಲಿ ಇದು ಜಾಸ್ತಿ. ಆಗ ಎಲ್ಎಸ್ ಅಂತ ಹೊಡೆದ್ರೆ ಡಿಸ್ಕು ಪಾರ್ಟಿಷನ್ನುಗಳ ಪಟ್ಟಿ ಬರತ್ತೆ, ಒಂದೊಂದನ್ನೇ ಎಲ್ಎಸ್ ಹಾಕಿ ಇಣುಕ್ತಾ ಹೋಗಿ, ಹೆಚ್ಚಿನವು ಅನ್‌ನೋನ್ ಫೈಲ್‌ಸಿಸ್ಟಮ್ ಅಂತವೆ, ಒಂದ್ರಲ್ಲಿ ಬೂಟ್, ಹೋಮ್, ಇಟಿಸಿ ಅನ್ನೋ ಫೋಲ್ಡರ್ ಕಾಣಿಸ್ತವೆ, ಅದೇ ನಿಮ್ ಲಿನಕ್ಸ್. ಪ್ರಿಫಿಕ್ಸ್ ಅನ್ನೋದಕ್ಕೆ ಆ ಪಾರ್ಟಿಷನ್ನಿನ ಬೂಟ್ ಒಳಗಿನ ಗ್ರಬ್ ಫೋಲ್ಡರ್ ವಿಳಾಸ ಸೆಟ್ ಮಾಡಿ, ರೂಟಿಗೆ ಪಾರ್ಟಿಷನ್ ಸೆಟ್ ಮಾಡಿ, ನಾರ್ಮಲ್ ಅನ್ನೋ ಮಾಡ್ಯೂಲನ್ನ ಇನ್ಸ್‌ಮಾಡ್ ಕಮಾಂಡಿಂದ ಸೇರಿಸಿ, ಆಮೇಲೆ ನಾರ್ಮಲ್ ಅಂತ ಟೈಪ್ ಮಾಡಿದ್ರೆ ಮೆನು ಎದ್ದು ಬರತ್ತೆ. ಇದು ಬಾಯಲ್ಲಿ ದಾರಿ ಹೇಳಿದ ಹಾಗೆ, ಆಫ್ ಮಾಡಿದ್ರೆ ಮರೆತು ಹೋಗತ್ತೆ. ಒಳಗೆ ಹೋದ್ಮೇಲೆ ಗ್ರಬ್-ಇನ್‌ಸ್ಟಾಲ್, ಅಪ್‌ಡೇಟ್-ಗ್ರಬ್ ಎರಡೂ ಮಾಡ್ಲೇಬೇಕು.

ಈ ಎರಡು ಕಮಾಂಡನ್ನ ಒಂದೇ ಅಂದ್ಕೊಂಡೋರು ಬಹಳ ಜನ ಇದಾರೆ. ಗ್ರಬ್-ಇನ್‌ಸ್ಟಾಲ್ ಮಾಡೋದು ಗ್ರಬ್ಬಿನ ಫೈಲುಗಳನ್ನ ಇಎಫ್ಐ ಪಾರ್ಟಿಷನ್ನಲ್ಲಿ ಇಟ್ಟು, ಫರ್ಮ್‌ವೇರ್ ಪಟ್ಟೀಲಿ ಹೆಸರು ಬರೆಸೋ ಕೆಲಸ. ಅಪ್‌ಡೇಟ್-ಗ್ರಬ್ ಬರೀ ಮೆನು ಬರೆಯೋದು. ಹೋಟ್ಲಿಗೆ ಹೋಗೋ ದಾರೀನೇ ಗೊತ್ತಿಲ್ಲದಾಗ ತಿಂಡಿ ಪಟ್ಟಿ ತಿದ್ದಿ ಬರೆದ್ರೆ ಏನು ಬಂತು? ಗ್ರಬ್ಬೇ ಬರ್ತಿಲ್ಲ ಅಂದ್ರೆ ಮೊದಲನೇದು ಬೇಕು, ಗ್ರಬ್ ಬಂದು ಅದ್ರಲ್ಲಿ ಏನೋ ಒಂದು ಹೆಸರಿಲ್ಲ ಅಂದ್ರೆ ಎರಡನೇದು ಸಾಕು.

ಹೆಸರಿಲ್ಲ ಅನ್ನೋ ತೊಂದರೆ ಅಂದ್ರೆ ಮುಖ್ಯವಾಗಿ ಮೆನುನಲ್ಲಿ ಉಬುಂಟು ಇದೆ, ವಿಂಡೋಸ್ ಕಾಣ್ತಿಲ್ಲ ಅನ್ನೋದು. 2021ರಲ್ಲಿ ಬಂದ ಗ್ರಬ್ 2.06ರಿಂದ ಬೇರೆ ಓಎಸ್ ಹುಡುಕೋ ಓಎಸ್-ಪ್ರೋಬರನ್ನ ಸೆಕ್ಯೂರಿಟಿ ಕಾರಣಕ್ಕೆ ಮೊದಲೇ ಆಫ್ ಮಾಡಿ ಕೊಡ್ತಾರೆ. ಇಟಿಸಿ ಒಳಗಿನ ಡೀಫಾಲ್ಟ್ ಫೋಲ್ಡರಲ್ಲಿ ಗ್ರಬ್ ಅನ್ನೋ ಫೈಲ್ ತೆಗೆದು ಡಿಸೇಬಲ್ ಓಎಸ್ ಪ್ರೋಬರ್ ಅನ್ನೋ ಸಾಲಿಗೆ ಫಾಲ್ಸ್ ಅಂತ ಕೊಟ್ಟು ಅಪ್‌ಡೇಟ್-ಗ್ರಬ್ ಹೊಡೀರಿ. ಆದ್ರೂ ಬರ್ಲಿಲ್ವಾ, ಹಾಗಿದ್ರೆ ವಿಂಡೋಸ್ ಲೆಗಸಿ ಮೋಡಲ್ಲಿ, ಲಿನಕ್ಸ್ ಯುಇಎಫ್ಐ ಮೋಡಲ್ಲಿ ಇನ್‌ಸ್ಟಾಲ್ ಆಗಿರ್ಬಹುದು, ಅವೆರಡು ಒಂದೇ ಮೆನುನಲ್ಲಿ ಸೇರಲ್ಲ.

ಯಾವ್ದೂ ಒಳಗೇ ಬರ್ತಿಲ್ಲ ಅಂದಾಗ ಲೈವ್ ಪೆನ್‌ಡ್ರೈವ್, ಅಂದ್ರೆ ಇನ್‌ಸ್ಟಾಲ್ ಮಾಡ್ದೆ ಸೀದಾ ಪೆನ್‌ಡ್ರೈವಿಂದ್ಲೇ ಓಡೋ ಲಿನಕ್ಸ್, ಬೇಕಾಗತ್ತೆ. ಸಿಎಚ್‌ರೂಟ್ ಅನ್ನೋ ಹೆಸರು ಕೇಳಿ ಹೆದರ್ಬೇಡಿ, ಪೆನ್‌ಡ್ರೈವಿಂದ ಡಿಸ್ಕಲ್ಲಿರೋ ಲಿನಕ್ಸ್ ಒಳಗೆ ಹೋಗೋ ಕಮಾಂಡ್ ಅಷ್ಟೇ. ಪೆನ್‌ಡ್ರೈವಿಂದ ಬಂದ ಲಿನಕ್ಸ್ ನೆಂಟರ ಥರ, ಅದ್ರಲ್ಲಿ ನಿಂತು ಗ್ರಬ್-ಇನ್‌ಸ್ಟಾಲ್ ಹೊಡೆದ್ರೆ ಅದು ಪೆನ್‌ಡ್ರೈವಿನ ಸಿಸ್ಟಮ್ಮನ್ನೇ ತನ್ನ ಮನೆ ಅಂದ್ಕೊಳತ್ತೆ. ಅದಕ್ಕೆ ಡಿಸ್ಕಲ್ಲಿರೋ ಲಿನಕ್ಸನ್ನ ಮೌಂಟ್ ಮಾಡಿ (ಫೋಲ್ಡರ್ ಥರ ತೆರೆಯೋ ಹಾಗೆ ಜೋಡಿಸಿ), ಇಎಫ್ಐ ಪಾರ್ಟಿಷನ್ನನ್ನ ಅದ್ರ ಬೂಟ್ ಒಳಗಿನ ಇಎಫ್ಐ ಫೋಲ್ಡರಿಗೆ ಮೌಂಟ್ ಮಾಡಿ, ಡೆವ್, ಪ್ರಾಕ್, ಸಿಸ್ ಅನ್ನೋ ಮೂರು ಫೋಲ್ಡರನ್ನ ಬೈಂಡ್ ಮಾಡಿ ಒಳಗೆ ಹೋಗೋದು. ಡೆವ್ ಇಲ್ಲದಿದ್ರೆ ಒಳಗಿನೋರಿಗೆ ಡಿಸ್ಕೇ ಕಾಣಲ್ಲ, ಸಿಸ್ ಇಲ್ಲದಿದ್ರೆ ಫರ್ಮ್‌ವೇರ್ ಪಟ್ಟಿ ಕೈಗೆ ಸಿಗಲ್ಲ, ಅಷ್ಟಕ್ಕೇ ಈ ಸರ್ಕಸ್. ಕಮಾಂಡುಗಳನ್ನ ಹೆಸರು ಹಿಡಿದು ಹೇಳ್ತಿದೀನೇ ಹೊರತು ಪೇಸ್ಟ್ ಮಾಡೋ ಹಾಗೆ ಬೇಕಂತಲೇ ಕೊಟ್ಟಿಲ್ಲ, ನಿಮ್ ಪಾರ್ಟಿಷನ್ ನಂಬರ್ ನಿಮಗೆ ಮಾತ್ರ ಗೊತ್ತು. ಪಾರ್ಟಿಷನ್ ಪಟ್ಟಿ ತೋರಿಸೋ ಎಲ್ಎಸ್‌ಬಿಎಲ್‌ಕೆ ಹೊಡೆದು, ಬಂದಿದ್ದನ್ನ ಒಂದು ಹಾಳೇಲಿ ಬರ್ಕೊಳಿ, ಫೋನಲ್ಲಿ ಫೋಟೋ ಆದ್ರೂ ತಕ್ಕೊಳಿ. ಬೂಟ್-ರಿಪೇರ್ ಅಂತ ಒಂದು ಟೂಲ್ ಇದೆ, ಬಟನ್ ಒತ್ತಿದ್ರೆ ಇದನ್ನೆಲ್ಲ ಅದೇ ಮಾಡತ್ತೆ. ಕೆಟ್ಟದ್ದಲ್ಲ, ಆದ್ರೆ ಮೊದ್ಲು ಅದ್ರ ರಿಪೋರ್ಟ್ ತೆಗೆದು ಓದಿ, ಆಮೇಲೆ ಬಟನ್ ಒತ್ತಿ.

ವಿಂಡೋಸ್ ಬೂಟ್ ಫೈಲೇ ಹೋಗಿದ್ರೆ ಲಿನಕ್ಸ್ ಕಡೆಯಿಂದ ಪರದಾಡ್ಬೇಡಿ, ವಿಂಡೋಸ್ ಇನ್‌ಸ್ಟಾಲ್ ಪೆನ್‌ಡ್ರೈವಲ್ಲಿ ಕಮಾಂಡ್ ಪ್ರಾಂಪ್ಟಿಗೆ ಹೋಗಿ. ಅಲ್ಲಿ ಬೂಟ್‌ರೆಕ್ ಫಿಕ್ಸ್‌ಬೂಟ್ ಹೊಡೆದು ಆಕ್ಸೆಸ್ ಈಸ್ ಡಿನೈಡ್ ಅಂತ ಬಂದು ಒದ್ದಾಡೋರೇ ಜಾಸ್ತಿ. ಅದನ್ನ ಬಿಟ್ಟು, ಡಿಸ್ಕ್‌ಪಾರ್ಟಲ್ಲಿ ಇಎಫ್ಐ ಪಾರ್ಟಿಷನ್ನಿಗೆ ಒಂದು ಲೆಟರ್ ಕೊಟ್ಟು ಬಿಸಿಡಿಬೂಟ್ ಕಮಾಂಡಿಗೆ ವಿಂಡೋಸ್ ಫೋಲ್ಡರ್ ತೋರಿಸಿದ್ರೆ ಬೇಕಾದ ಫೈಲನ್ನೆಲ್ಲ ಹೊಸದಾಗಿ ಬರೆಯತ್ತೆ. ಅಲ್ಲಿ ನಿಮ್ ವಿಂಡೋಸ್ ಸಿ ಡ್ರೈವೇ ಆಗಿರ್ಬೇಕು ಅಂತಿಲ್ಲ, ಡಿ ಅಂತಲೂ ಕಾಣಬಹುದು, ನೋಡ್ಕೊಂಡು ಹೊಡೀರಿ.

ಇನ್ನೊಂದು ಜಾತಿ ತೊಂದರೆ ಸೆಕ್ಯೂರ್ ಬೂಟಿಂದು, ಅಂದ್ರೆ ನಂಬಿಕಸ್ಥ ಸಹಿ ಇರೋ ಬೂಟ್‌ಲೋಡರನ್ನ ಮಾತ್ರ ಒಳಗೆ ಬಿಡೋ ಫರ್ಮ್‌ವೇರ್ ಕಾವಲು. ದಾರಿ ಸರಿ ಇರತ್ತೆ, ಆದ್ರೆ ಗೇಟಲ್ಲಿ ಐಡಿ ಕಾರ್ಡ್ ಹಳೇದಾಯ್ತು ಅಂತ ತಡೀತಾರೆ. 2024ರ ಆಗಸ್ಟ್ 13ರ ವಿಂಡೋಸ್ ಅಪ್‌ಡೇಟ್ ಆದ್ಮೇಲೆ ಪ್ರಪಂಚದಾದ್ಯಂತ ಡ್ಯುಯಲ್ ಬೂಟ್ ಮಷಿನ್ನುಗಳಲ್ಲಿ ಎಸ್‌ಬ್ಯಾಟ್ ಸೆಲ್ಫ್ ಚೆಕ್ ಫೇಲ್ಡ್, ಸಮ್‌ಥಿಂಗ್ ಹ್ಯಾಸ್ ಗಾನ್ ಸೀರಿಯಸ್ಲಿ ರಾಂಗ್ ಅಂತ ಬಂದು ಆಫ್ ಆಗೋಕೆ ಶುರುವಾಯ್ತಲ್ಲ, ಅದೇ ಇದು. 2022ರಲ್ಲಿ ಗ್ರಬ್ಬಲ್ಲಿ ಸಿಕ್ಕ ಒಂದು ದೋಷಕ್ಕೆ ತುತ್ತಾಗೋ ಹಳೇ ಬೂಟ್‌ಲೋಡರುಗಳನ್ನ ತಡೆಯೋ ಪಟ್ಟಿ (ಎಸ್‌ಬ್ಯಾಟ್ ಅಂದ್ರೆ ಇದೇ) ಆ ಅಪ್‌ಡೇಟಲ್ಲಿತ್ತು, ಡ್ಯುಯಲ್ ಬೂಟ್ ಮಷಿನ್ನಿಗೆ ಅದು ಹೋಗಬಾರದು ಅಂತಲೇ ಮೈಕ್ರೋಸಾಫ್ಟ್ ಲೆಕ್ಕ ಹಾಕಿತ್ತು, ಆದ್ರೆ ಎಷ್ಟೋ ಮಷಿನ್ನುಗಳು ಡ್ಯುಯಲ್ ಬೂಟ್ ಅಂತ ಅದಕ್ಕೆ ಗೊತ್ತೇ ಆಗ್ಲಿಲ್ಲ. ಪರಿಹಾರ ಅಂದ್ರೆ ಸೆಕ್ಯೂರ್ ಬೂಟ್ ಆಫ್ ಮಾಡಿ ಲಿನಕ್ಸಿಗೆ ಹೋಗಿ, ಮೋಕ್‌ಯುಟಿಲ್ ಕಮಾಂಡಿಂದ ಎಸ್‌ಬ್ಯಾಟ್ ಪಾಲಿಸಿ ಡಿಲೀಟ್ ಮಾಡಿ, ಒಂದ್ಸಲ ಮತ್ತೆ ಲಿನಕ್ಸಿಗೇ ಬೂಟ್ ಮಾಡಿ, ಆಮೇಲೆ ಸೆಕ್ಯೂರ್ ಬೂಟ್ ಆನ್ ಮಾಡೋದು. ಶಿಮ್ ಪ್ಯಾಕೇಜ್ ಅಪ್‌ಡೇಟ್ ಮಾಡ್ಕೊಳೋದಂತೂ ಬಿಡ್ಬೇಡಿ.

ಆದ್ರೆ ನಿಲ್ಲಿ, ಸೆಕ್ಯೂರ್ ಬೂಟ್ ಮುಟ್ಟೋ ಮುಂಚೆ ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕೋ ಬೀಗ) ಕೀ ಕೈಯಲ್ಲಿದ್ಯಾ? ರಿಪೇರಿ ಮಾಡೋವಾಗ ನಿಜವಾಗ್ಲೂ ಡೇಟಾ ಕಳ್ಕೊಳೋ ದೊಡ್ಡ ಅಪಾಯ ಇರೋದು ಇಲ್ಲೇ. ಹೊಸ ವಿಂಡೋಸ್ 11 ಲ್ಯಾಪ್‌ಟಾಪಲ್ಲಿ ಮೈಕ್ರೋಸಾಫ್ಟ್ ಅಕೌಂಟಿಂದ ಲಾಗಿನ್ ಆಗಿದ್ರೆ ಡಿಸ್ಕ್ ಎನ್‌ಕ್ರಿಪ್ಶನ್ ನಿಮಗೆ ಗೊತ್ತಿಲ್ದೆನೇ ಆನ್ ಆಗಿರೋದು ಸಾಮಾನ್ಯ. ಬೂಟ್ ಸೆಟ್ಟಿಂಗ್ ಬದಲಾದ್ರೆ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳತ್ತೆ, ಅದು ಇರೋದು ಆ ಅಕೌಂಟಲ್ಲಿ, ಆ ಅಕೌಂಟ್ ಮಾಡಿಕೊಟ್ಟಿರೋದು ಲ್ಯಾಪ್‌ಟಾಪ್ ಮಾರಿದ ಅಂಗಡಿ ಹುಡುಗ, ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ. ಮೊದ್ಲೇ ನೋಡಿ ಕೀನ ಹಾಳೆ ಮೇಲೆ ಬರೆದಿಟ್ಕೊಳಿ, ಅದೇ ಲ್ಯಾಪ್‌ಟಾಪಿನ ಡೆಸ್ಕ್‌ಟಾಪಲ್ಲಿ ಟೆಕ್ಸ್ಟ್ ಫೈಲ್ ಮಾಡಿ ಇಡ್ಬೇಡಿ ಮತ್ತೆ.

ಕರ್ನಲ್ ಶುರುವಾಗಿ ಸಾಲು ಸಾಲು ಅಕ್ಷರ ಓಡಿ ಎಮರ್ಜೆನ್ಸಿ ಮೋಡ್ ಅಂತಲೋ ಇನಿಟ್‌ರಾಮ್‌ಎಫ್ಎಸ್ ಅಂತಲೋ ನಿಂತ್ರೆ ಅದು ಬೂಟ್‌ಲೋಡರ್ ತಪ್ಪಲ್ಲ, ಅದ್ರ ಕೆಲಸ ಆಗ್ಲೇ ಮುಗಿದಿದೆ. ಎಫ್‌ಎಸ್‌ಟ್ಯಾಬಲ್ಲಿ (ಯಾವ್ಯಾವ ಪಾರ್ಟಿಷನ್ ಮೌಂಟ್ ಆಗ್ಬೇಕು ಅನ್ನೋ ಫೈಲು) ಇಲ್ಲದ ಪಾರ್ಟಿಷನ್ ಹೆಸರಿದ್ಯಾ, ಫೈಲ್‌ಸಿಸ್ಟಮ್ ಕೆಟ್ಟಿದ್ಯಾ ನೋಡಿ, ಗ್ರಬ್ಬಿಗೆ ಕೈ ಹಾಕ್ಬೇಡಿ.

ಹುಡುಗನ ಕಥೆ ಅರ್ಧಕ್ಕೆ ಬಿಟ್ಟಿದ್ದೆ. ರಿವ್ಯೂ ಮುಗಿಸ್ಕೊಂಡು ಭಾನುವಾರ ಮನೆಗೆ ಬಂದ, ಆ 60 ಜಿಬೀಲಿ ಎರಡು ಸೆಮಿಸ್ಟರಿನ ಲ್ಯಾಬ್ ಪ್ರೋಗ್ರಾಮ್ ಇದ್ವಂತೆ. ಜಾಗ ಇನ್ನೂ ಅನ್‌ಅಲೊಕೇಟೆಡ್ ಅಂತಲೇ ಇತ್ತು, ಗೇಮ್ ಹಾಕೋ ಅಷ್ಟರಲ್ಲೇ ಲ್ಯಾಪ್‌ಟಾಪ್ ಕೈಕೊಟ್ಟಿದ್ದು ಪುಣ್ಯ. ಪಾರ್ಟಿಷನ್ ಡಿಲೀಟ್ ಮಾಡಿದಾಗ ಅಳಿಸೋದು ಟೇಬಲ್ಲಿನ ಒಂದು ಸಾಲು. ಲೈವ್ ಪೆನ್‌ಡ್ರೈವ್ ಹಾಕಿ ಟೆಸ್ಟ್‌ಡಿಸ್ಕ್ ಓಡಿಸಿದ್ವಿ, ಡಿಸ್ಕನ್ನ ತಡಕಾಡಿ ಕಳೆದ ಪಾರ್ಟಿಷನ್ನನ್ನ ಹಸಿರು ಸಾಲಲ್ಲಿ ತೋರಿಸ್ತು, ಪಿ ಒತ್ತಿ ಒಳಗಿನ ಫೈಲುಗಳನ್ನ ನೋಡಿ ಖಾತ್ರಿ ಮಾಡ್ಕೊಂಡು ರೈಟ್ ಕೊಟ್ವಿ. ಎಲ್ರಿಗೂ ಹೀಗೇ ಸಿಗತ್ತೆ ಅಂತ ಹೇಳಲ್ಲ, ಇವನಿಗೆ ಸಿಕ್ತು. ರೀಸ್ಟಾರ್ಟ್ ಮಾಡಿ ಉಬುಂಟು ಆರಿಸಿದ್ರೆ, ಗ್ರಬ್-ಇನ್‌ಸ್ಟಾಲ್ ಏನೂ ಮಾಡ್ದೆನೇ, ಆ ಹಳೇ ನೇರಳೆ ಮೆನು ಬಂದು ಕೂತಿತ್ತು. ಗ್ರಬ್ ಹುಡುಕೋದು ಫೈಲ್‌ಸಿಸ್ಟಮ್ಮಿನ ಯುಯುಐಡಿಯನ್ನ, ಅಂದ್ರೆ ಅದ್ರ ಗುರುತಿನ ನಂಬರನ್ನ, ಅದು ಬರೆದಿರೋದು ಪಾರ್ಟಿಷನ್ ಒಳಗೇ, ಪಾರ್ಟಿಷನ್ ವಾಪಸ್ ಬಂದಾಗ ಅದೂ ಜೊತೆಗೇ ಬಂತು.

ಸಂಜೆ ಏಳು ಗಂಟೆಗೆ ಬಸ್ ಹತ್ತೋ ಮುಂಚೆ ಮತ್ತೆ ವಿಂಡೋಸ್ ತೆಗೆದ. "ಮಾವ, ಟೈಮ್ ಮಧ್ಯಾಹ್ನ ಒಂದೂವರೆ ತೋರಿಸ್ತಿದೆ, ಮತ್ತೇನೋ ಹಾಳಾಯ್ತು" ಅಂದ. ಐದೂವರೆ ಗಂಟೆ ಹಿಂದೆ. ಲಿನಕ್ಸ್ ಮದರ್‌ಬೋರ್ಡ್ ಗಡಿಯಾರದಲ್ಲಿ ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರೋ ಅಂತರರಾಷ್ಟ್ರೀಯ ಟೈಮ್) ಇಡತ್ತೆ, ವಿಂಡೋಸ್ ಅದನ್ನೇ ನಮ್ಮೂರ ಟೈಮ್ ಅಂತ ಓದತ್ತೆ. ಉಬುಂಟುನಲ್ಲಿ ಟೈಮ್‌ಡೇಟ್‌ಸಿಟಿಎಲ್ ಕಮಾಂಡಿಗೆ ಸೆಟ್ ಲೋಕಲ್ ಆರ್‌ಟಿಸಿ ಒಂದು ಅಂತ ಕೊಡೋ, ಸರಿಹೋಗತ್ತೆ ಅಂದೆ. ಬಸ್ಸಲ್ಲೇ ಕೂತು ಮಾಡಿ ಮೆಸೇಜ್ ಹಾಕಿದ್ದ.